ಶುಕ್ರವಾರದ ಡಿಸ್ಕು

ಕಂಪನಿಗಳಿಗೆ ಕಬ್ಬಿಣದ ಬಿಡಿಭಾಗ ಮಾಡಿಕೊಡುವ ಪೀಣ್ಯದ ನಮ್ಮ ಶೆಡ್ಡಿನಲ್ಲಿ ಶುಕ್ರವಾರ ಸಂಜೆ ಮೆಷಿನ್‌ಗಳು ಸ್ವಲ್ಪ ಮುಂಚೆಯೇ ನಿಲ್ಲುತ್ತಿದ್ದವು. ಮೆಷಿನ್ ತಣಿಸುವ ಕೂಲೆಂಟ್ ಒರೆಸಿ, ಕಬ್ಬಿಣದ ಸಿಪ್ಪೆ ಗುಡಿಸಿ ಡ್ರಮ್ಮಿಗೆ ತುಂಬಿ, ಹಳೆಯ ಲೇತ್‌ಗಳಿಗೂ ಒಂದೇ ಒಂದು ಸಿಎನ್‌ಸಿ ಮೆಷಿನ್‌ಗೂ ಕುಂಕುಮ ಇಡುತ್ತಿದ್ದೆವು. ಬಾಗಿಲಿನ ಎರಡು ಕಡೆ ಕತ್ತರಿಸಿದ ನಿಂಬೆಹಣ್ಣು, ದೇವರ ಪಟಕ್ಕೆ ಒಂದು ಮೊಳ ಹೂವು, ಊದುಬತ್ತಿ, ಕರ್ಪೂರ. ಮಂಗಳಾರತಿ ತಟ್ಟೆ ಒಂದೊಂದೇ ಮೆಷಿನ್ ದಾಟಿಕೊಂಡು ಗಾಜಿನ ಬಾಗಿಲಿನ ಪುಟ್ಟ ಆಫೀಸಿಗೆ ಬರುತ್ತಿತ್ತು. ಅಲ್ಲಿ ಕಂಪ್ಯೂಟರಿನ ಮುಂದೆ ನನ್ನ ಹೆಂಡತಿ ಕೂತಿರುತ್ತಿದ್ದಳು. ಆರತಿಯನ್ನು ಕಣ್ಣಿಗೊತ್ತಿಕೊಂಡು, ಕೈಚೀಲದಿಂದ ಒಂದು ಸಣ್ಣ ಗಂಟು ತೆಗೆಯುತ್ತಿದ್ದಳು. ಹಸಿರು ರವಿಕೆ ಕಣದಲ್ಲಿ ಸುತ್ತಿದ ಗಂಟು. ಒಳಗೆ ಅಂಗೈಯಷ್ಟು ಅಗಲದ ಕಪ್ಪು ಹಾರ್ಡ್ ಡಿಸ್ಕು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಆ ವಾರದ ಮೇಲ್‌ಗಳು, ಡ್ರಾಯಿಂಗ್‌ಗಳು, ಬಿಲ್ಲುಗಳು ಎಲ್ಲವನ್ನೂ ಅದಕ್ಕೆ ನಕಲು ಮಾಡಿ, ಕಿತ್ತು, ಮತ್ತೆ ಗಂಟು ಕಟ್ಟಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅದು ಮುಗಿಯುವವರೆಗೆ ಪುರಿ-ಕಡಲೆಯ ಪ್ರಸಾದ ಯಾರಿಗೂ ಸಿಗುತ್ತಿರಲಿಲ್ಲ. ಹುಡುಗರು ಬಾಗಿಲಲ್ಲಿ ಇಣುಕಿ, "ಅಕ್ಕಾ, ಆಯ್ತಾ ನಿಮ್ ಪೂಜೆ?" ಅಂತ ಕೇಳುತ್ತಿದ್ದರು.

ಅವಳು ಹೋಗಿ ಕೆಲವು ವರ್ಷವಾಯಿತು. ಅವಳ ಬಗ್ಗೆ ಬರೆಯಲು ಕೂತರೆ ನನಗೆ ದೊಡ್ಡ ಮಾತು ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಮಾಡಿ ಲೇತ್ ಹಿಡಿದವನು ನಾನು. ನನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಅವಳು ನಮ್ಮ ಆಫೀಸಿನ ಕಂಪ್ಯೂಟರನ್ನು ಹೇಗೆ ಕಾದಳು, ಅವಳು ತೀರಿಕೊಂಡು ವರ್ಷ ತುಂಬುವ ಮೊದಲೇ ಅದರಲ್ಲಿದ್ದ ಅವಳ ಕೆಲಸವೆಲ್ಲ ಹೇಗೆ ಕೈತಪ್ಪುವುದರಲ್ಲಿತ್ತು ಅನ್ನುವುದು.

ಮೊದಲು ನಮ್ಮಲ್ಲಿ ಕಂಪ್ಯೂಟರಿಗೆ ಕಾವಲು ಅಂತ ಏನೂ ಇರಲಿಲ್ಲ. ದೊಡ್ಡ ಕಂಪನಿಗಳು ಡ್ರಾಯಿಂಗನ್ನು ಕಾಗದದಲ್ಲಿ ಕೊಡುವುದು ಬಿಟ್ಟು ಮೇಲ್‌ನಲ್ಲಿ ಕಳಿಸಲು ಶುರು ಮಾಡಿದಾಗ, ನಮ್ಮ ಸಾಲಿನ ಎಲ್ಲ ಶೆಡ್ಡುಗಳ ಹಾಗೆ ನಾವೂ ಒಂದು ಮೇಲ್ ಐಡಿ ಮಾಡಿಸಿಕೊಂಡೆವು. ಪಾಸ್‌ವರ್ಡು ಶೆಡ್ಡಿನ ಹೆಸರು, ಮುಂದೆ ಒಂದು ಎರಡು ಮೂರು. ಮರೆಯಬಾರದೆಂದು ಮಾನಿಟರಿನ ಮೇಲೆ ಲಕ್ಷ್ಮಿಯ ಸ್ಟಿಕ್ಕರ್ ಪಕ್ಕದಲ್ಲೇ ಚೀಟಿ ಅಂಟಿಸಿದ್ದೆ. ಆಪರೇಟರುಗಳಿಗೆ ಗೊತ್ತು, ಟೆಂಪೋದವನಿಗೆ ಗೊತ್ತು, ಮುಖ್ಯರಸ್ತೆಯ ಜೆರಾಕ್ಸ್ ಅಂಗಡಿಯವನಿಗೂ ಗೊತ್ತು. ಪ್ರಿಂಟರ್ ಕೆಟ್ಟ ದಿನ ಅವನಿಗೇ ಫೋನ್ ಮಾಡಿ, "ನಮ್ಮ ಮೇಲ್ ತೆಗೆದು ಒಂದು ಪ್ರಿಂಟ್ ಹೊಡೀರಿ" ಅನ್ನುತ್ತಿದ್ದೆ.

ಒಂದು ಬೆಳಿಗ್ಗೆ ಲೇತ್ ಮುಂದೆ ನಿಂತಿದ್ದಾಗ ಫೋನ್ ಬಂತು. ಪಂಪು ಮಾಡುವ ಒಂದು ಕಂಪನಿಯ ಪರ್ಚೇಸ್ ಅಧಿಕಾರಿ, ನಮ್ಮ ಹಳೆಯ ಗಿರಾಕಿ, ಬಾಯಿ ತುಂಬ ಮಾತಾಡುವ ಮನುಷ್ಯ.

"ಏನ್ ಗುರು, ಹೇಳ್ದೆ ಕೇಳ್ದೆ ಲಂಡನ್‌ಗೆ ಹೋಗ್ಬಿಟ್ಟಿದ್ದೀಯಾ?"

"ಇಲ್ಲ ಸಾರ್, ಇಲ್ಲೇ ಇದ್ದೀನಿ. ನಿಮ್ಮ ಪಂಪಿನ ಬುಷ್ಷೇ ಹೊಡೀತಾ ಇದ್ದೀನಿ."

"ಮತ್ತೆ ಮೇಲ್ ಕಳಿಸಿದ್ದೀಯಲ್ಲಪ್ಪ! ಹೋಟ್ಲಲ್ಲಿ ಪರ್ಸು, ಪಾಸ್‌ಪೋರ್ಟು ಎಲ್ಲ ಕಳುವಾಯ್ತು, ತುರ್ತಾಗಿ ದುಡ್ಡು ಕಳಿಸಿ ಅಂತ. ಇಂಗ್ಲಿಷು ಸಕ್ಕತ್ತಾಗಿದೆ. ಅಲ್ಲೇ ನಂಗೆ ಅನುಮಾನ ಬಂತು ನೋಡು."

ನನ್ನ ಹತ್ತಿರ ಪಾಸ್‌ಪೋರ್ಟೇ ಇರಲಿಲ್ಲ. ಮಧ್ಯಾಹ್ನದೊಳಗೆ ನಮ್ಮ ಗಿರಾಕಿಗಳು, ಬ್ಯಾಂಕಿನವರು, ಮಗಳ ಶಾಲೆಯವರು ಎಲ್ಲರಿಂದಲೂ ಫೋನ್ ಬಂತು. ಯಾರೋ ನಮ್ಮ ಮೇಲ್‌ನೊಳಗೆ ಹೊಕ್ಕು ಎಲ್ಲರಿಗೂ ಅದನ್ನೇ ಕಳಿಸಿದ್ದರು. ಯಾರೂ ದುಡ್ಡು ಕಳಿಸಿರಲಿಲ್ಲ, ಪುಣ್ಯ. ಆದರೆ ನಮ್ಮ ಐಡಿಯ ಪಾಸ್‌ವರ್ಡನ್ನೂ ಬದಲಿಸಿಬಿಟ್ಟಿದ್ದರು. ಅದು ನಮ್ಮ ಕೈಗೆ ಮತ್ತೆ ಬರಲೇ ಇಲ್ಲ. ಅದರೊಳಗಿದ್ದ ಡ್ರಾಯಿಂಗ್‌ಗಳೂ ಹೋದವು. ಗದಗಿನ ಕಡೆಯಿಂದ ಬಂದ ನಮ್ಮ ಹಿರಿಯ ಆಪರೇಟರ್ ವಾರಗಟ್ಟಲೆ, ನಾನು ಬೆಳಿಗ್ಗೆ ಸ್ಕೂಟರ್ ನಿಲ್ಲಿಸಿದ ಕೂಡಲೇ, "ಲಂಡನ್‌ದಾಗ ಮಳಿ ಹೆಂಗೈತ್ರಿ ಸರ?" ಅಂತ ಕೇಳುತ್ತಿದ್ದ.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿಯೂ ನಕ್ಕಳು. ನಕ್ಕು ಸುಮ್ಮನಾಗಲಿಲ್ಲ. "ಮನೆಗೆ ಎಂಥ ಬೀಗ ಹಾಕಿದೀರಿ? ಶೆಡ್ಡಿಗೆ ಎಂಥದು? ಇದಕ್ಕೆ ಮಾತ್ರ ಬೀಗ ಹಾಕಿ ಕೀನ ಅಲ್ಲೇ ನೇತು ಹಾಕಿದೀರಲ್ಲ" ಅಂದಳು. ಅವಳು ಪಿಯುಸಿ ಓದಿದ್ದಳು. ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಳು, ಹಗಲು ಬಿಡುವಿತ್ತು. ಜಾಲಹಳ್ಳಿ ಕ್ರಾಸಿನ ಒಂದು ಕಂಪ್ಯೂಟರ್ ಸೆಂಟರಿಗೆ ಸೇರಿಕೊಂಡಳು. ಅಲ್ಲಿ ಟೈಪಿಂಗು, ಲೆಕ್ಕದ ಪುಟ ಮಾಡುವುದು ಕಲಿಸುತ್ತಿದ್ದರು. ಇವಳು ಮೇಷ್ಟ್ರನ್ನು ಬೇರೆಯದೇ ಕೇಳುತ್ತಿದ್ದಳಂತೆ. ಕಳ್ಳ ಎಲ್ಲಿಂದ ಬರ್ತಾನೆ, ಬಂದರೆ ಹೇಗೆ ಗೊತ್ತಾಗುತ್ತೆ, ಬಂದು ಹೋದ ಮೇಲೆ ಏನು ಉಳಿಯುತ್ತೆ. ಕೋರ್ಸು ಮುಗಿಸಿ ನಮ್ಮ ಆಫೀಸಿಗೆ ಬಂದು ಕೂತಳು. ಆಮೇಲೆ ಏಳಲಿಲ್ಲ.

ಮೊದಲ ದಿನವೇ ಚೀಟಿ ಕಿತ್ತಳು. ಹೊಸ ಐಡಿಗೆ ಹೊಸ ಪಾಸ್‌ವರ್ಡು ಮಾಡಿದಳು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತು ಒಟ್ಟಿಗೆ ಸೇರಿಸಿದ್ದು. ಅವಳ ತವರಿನ ಹಸು, ನಮ್ಮ ಮದುವೆಯ ದಿನ ಕೆಟ್ಟು ನಿಂತ ಬಸ್ಸು, ಹೀಗೆ. ಹೊರಗಿನವರಿಗೆ ಊಹಿಸಲಾಗದು, ನಮಗೆ ಮರೆಯಲಾಗದು. ಬ್ಯಾಂಕಿಗೆ ಬೇರೆ, ಮೇಲ್‌ಗೆ ಬೇರೆ. ನನಗೆ ಬೇಡ, ನೀನೇ ನೆನಪಿಟ್ಟುಕೋ ಅಂದರೂ ಬಿಡಲಿಲ್ಲ. "ನಂಗೆ ಜ್ವರ ಬಂದು ಮಲಗಿದ್ರೆ ಶೆಡ್ಡು ಮುಚ್ಚಿಬಿಡ್ತೀರಾ? ಬಾಯಿಪಾಠ ಮಾಡಿ" ಅಂದಳು. ನಾಗಸಂದ್ರದ ಮನೆಯಿಂದ ಶೆಡ್ಡಿಗೆ ಬರುವಾಗ ತುಮಕೂರು ರಸ್ತೆಯ ಲಾರಿಗಳ ಮಧ್ಯೆ ಸ್ಕೂಟರಿನಲ್ಲಿ ಅದನ್ನೇ ಹೇಳಿಕೊಂಡು ಬರುತ್ತಿದ್ದೆ. ಮುಂದೆ ಮೇಲ್ ತೆರೆಯಲು ಮೊಬೈಲಿಗೆ ಒಂದು ಸಂಖ್ಯೆ ಬರುವ ಹಾಗೆ ಮಾಡಬಹುದು ಅಂತ ಗೊತ್ತಾದಾಗ ಅದನ್ನೂ ಮಾಡಿದಳು. ಕಂಪ್ಯೂಟರ್ "ಅಪ್‌ಡೇಟ್ ಮಾಡಲೇ" ಅಂತ ಕೇಳಿದರೆ ನಾನು ಬೇಡ ಅಂತ ಒತ್ತುತ್ತಿದ್ದೆ. ಅವಳು ಊಟಕ್ಕೆ ಏಳುವಾಗ ಹೂಂ ಅಂತ ಒತ್ತಿ, ಡಬ್ಬಿ ಬಿಚ್ಚುತ್ತಿದ್ದಳು.

ಎಲ್ಲಕ್ಕಿಂತ ಹೆಸರಾಗಿದ್ದು ಅವಳ ಫೋನು. ಮೇಲ್ ಜೊತೆ ಏನಾದರೂ ಲಗತ್ತಿಸಿ ಬಂದರೆ, ತೆರೆಯುವ ಮುಂಚೆ ಕಳಿಸಿದವರಿಗೆ ಫೋನ್ ಮಾಡುತ್ತಿದ್ದಳು. ಮೇಲ್‌ನಲ್ಲಿ ಬರೆದಿರುವ ನಂಬರಿಗಲ್ಲ, ನಮ್ಮಲ್ಲಿ ಮೊದಲೇ ಇದ್ದ ನಂಬರಿಗೆ. "ಸಾರ್, ಈಗ ಬಂದ ಮೇಲ್ ನೀವೇ ಕಳಿಸಿದ್ದಾ?"

ಪಂಪು ಕಂಪನಿಯ ಅಧಿಕಾರಿ ಮೊದಮೊದಲು ರೇಗುತ್ತಿದ್ದರು. ಆಮೇಲೆ ತಮಾಷೆಗೆ ಇಳಿದರು. "ನಾನೇ ತಾಯಿ, ನಾನೇ! ಬೇಕಾದ್ರೆ ರೇಷನ್ ಕಾರ್ಡ್ ತರ್ಲಾ?"

"ಬೇಡ ಸಾರ್, ಎಷ್ಟು ಡ್ರಾಯಿಂಗ್ ಕಳಿಸಿದೀರಿ ಹೇಳಿ, ಸಾಕು."

"ಅಯ್ಯೋ, ನಮ್ಮನೇಲಿ ನನ್ನ ಹೆಂಡ್ತಿನೂ ಇಷ್ಟು ವಿಚಾರಿಸಲ್ಲ ಕಣ್ರೀ."

ಸಾಲಿನ ಬೇರೆ ಶೆಡ್ಡಿನವರೂ ನಗುತ್ತಿದ್ದರು. ನನಗೂ ಕೆಲವೊಮ್ಮೆ ಸಂಕೋಚವಾಗುತ್ತಿತ್ತು, ಇಷ್ಟು ದೊಡ್ಡ ಕಂಪನಿಯವರನ್ನು ಹೀಗೆ ಕೇಳಬಹುದೇ ಅಂತ. "ಹೆಸರು ಯಾರು ಬೇಕಾದ್ರೂ ಹಾಕ್ಕೋಬಹುದು ರೀ. ಲಂಡನ್ನಲ್ಲಿದ್ದೋನು ನಿಮ್ಮ ಹೆಸರು ಹಾಕ್ಕೊಂಡಿರಲಿಲ್ವಾ?" ಅನ್ನುತ್ತಿದ್ದಳು.

ಆ ಕಂಪ್ಯೂಟರಿನಲ್ಲಿ ಅವಳು ಇನ್ನೊಂದು ಕೆಲಸ ಮಾಡಿದ್ದಳು. ಕಂಪನಿಯವರ ಡ್ರಾಯಿಂಗಿಗೆ ಉದ್ದುದ್ದ ನಂಬರು ಇರುತ್ತದೆ. ನಮಗೆ ಅದು ನೆನಪಿರುವುದಿಲ್ಲ. ಶೆಡ್ಡಿನಲ್ಲಿ ಪ್ರತಿ ಭಾಗಕ್ಕೂ ನಾವೇ ಇಟ್ಟ ಹೆಸರಿರುತ್ತಿತ್ತು. ಗಿಡ್ಡ ಬುಷ್ಷು, ಉದ್ದ ಮೂಗಿನ ಪಿನ್ನು, ಅಳುಬುರುಕ, ಅಂದರೆ ಕೊರೆಯುವಾಗ ಕಿರುಗುಟ್ಟುವ ಒಂದು ತೆಳು ಕೊಳವೆ. ಅವಳು ಪ್ರತಿ ಡ್ರಾಯಿಂಗನ್ನೂ ಆ ಹೆಸರಿನ ಫೋಲ್ಡರಿನಲ್ಲಿ ಇಟ್ಟು, ಜೊತೆಗೆ ಒಂದು ಪುಟ ಬರೆದಿಡುತ್ತಿದ್ದಳು. ಯಾವ ಟೂಲು, ಎಷ್ಟು ವೇಗ, ಎಲ್ಲಿ ಕೆಡುತ್ತೆ, ಹೇಗೆ ಹಿಡಿಯಬೇಕು. ಹಿರಿಯ ಆಪರೇಟರನ್ನು ಕೂರಿಸಿಕೊಂಡು ಕೇಳಿ ಕೇಳಿ ಬರೆಯುತ್ತಿದ್ದಳು, ಅವನು ಹೇಳಿದ ಮಾತಿನಲ್ಲೇ. "ಇದನ್ನು ಗಟ್ಟಿ ಹಿಡೀಬ್ಯಾಡ್ರಿ, ಮುನಿಸ್ಕೋತೈತಿ" ಅಂತ ಅವನು ಅಂದರೆ ಅದನ್ನೇ ಬರೆಯುವಳು. ಕೆಳಗೆ ತನ್ನದೊಂದು ಸಾಲು ಸೇರಿಸುವಳು. "ಈ ಕಂಪನಿಯವರು ಯಾವಾಗಲೂ ಸೋಮವಾರ ಅವಸರ ಮಾಡುತ್ತಾರೆ. ಭಾನುವಾರವೇ ಕಬ್ಬಿಣ ತರಿಸಿ."

ಶುಕ್ರವಾರದ ಡಿಸ್ಕಿಗೆ ಹೋಗುತ್ತಿದ್ದದ್ದು ಇದೆಲ್ಲ. ಡಿಸ್ಕನ್ನು ಕಂಪ್ಯೂಟರಿಗೇ ಸಿಕ್ಕಿಸಿಟ್ಟರೆ ಆಗದೇ, ಪ್ರತಿ ವಾರ ಯಾಕೆ ಹೊತ್ತು ತಿರುಗಬೇಕು ಅಂತ ಒಮ್ಮೆ ಕೇಳಿದೆ.

"ಮನೆ ಒಡವೇನ ಕಳ್ಳ ಬರೋ ದಾರೀಲೇ ಇಡ್ತೀರಾ? ಶೆಡ್ಡಿಗೆ ಬೆಂಕಿ ಬಿದ್ರೂ, ವೈರಸ್ ಬಂದ್ರೂ, ಇದು ಇಲ್ಲಿರಬಾರದು. ಮನೇಲಿರಬೇಕು."

"ಶುಕ್ರವಾರವೇ ಯಾಕೆ?"

"ನೀವು ಯಾವ ಶುಕ್ರವಾರನಾದ್ರೂ ಪೂಜೆ ಮರೆತಿದ್ದೀರಾ? ಅದಕ್ಕೇ."

ಮನೆಯಲ್ಲಿ ಅದು ಅವಳ ಬೀರುವಿನಲ್ಲಿ ಸೀರೆಗಳ ನಡುವೆ ಇರುತ್ತಿತ್ತು. ಮೆತ್ತಗಿರುತ್ತೆ, ಧೂಳಿಲ್ಲ, ಯಾರೂ ಕೈ ಹಾಕಲ್ಲ ಅನ್ನುತ್ತಿದ್ದಳು.

ನಾಗಸಂದ್ರಕ್ಕೆ ಮೆಟ್ರೋ ಬಂದ ಮೇಲೆ, ಒಂದು ಮಳೆಗಾಲದಲ್ಲಿ, ಅವಳಿಗೆ ಜ್ವರ ಬಂತು. ಶುಕ್ರವಾರ ಚೆನ್ನಾಗಿಯೇ ಇದ್ದಳು, ಡಿಸ್ಕಿನ ಕೆಲಸ ಮುಗಿಸಿ ಪುರಿ-ಕಡಲೆ ಹಂಚಿದ್ದಳು. ಭಾನುವಾರ ಮೈ ಸುಡುತ್ತಿತ್ತು. ಆಸ್ಪತ್ರೆಗೆ ಸೇರಿಸಿದೆವು. ಮುಂದಿನ ಶುಕ್ರವಾರ ಅವಳು ಇರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ವೈಕುಂಠ ಸಮಾರಾಧನೆ ಮುಗಿದು ಶೆಡ್ಡು ತೆರೆದೆವು. ನಮ್ಮ ಕಡೆ, ಮನೆಯಲ್ಲಿ ಸಾವಾದರೆ ಒಂದು ವರ್ಷ ಹಬ್ಬವಿಲ್ಲ. ಬೆಳಗಿನ ದೀಪ ಹಚ್ಚಬಹುದು. ಶೆಡ್ಡಿನ ಶುಕ್ರವಾರದ ಪೂಜೆ ಹಬ್ಬವೋ ದೀಪವೋ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ನನ್ನ ಅಣ್ಣ, "ದೇವರಿಗೆ ಒಂದು ಊದುಬತ್ತಿ ಹಚ್ಚು ಸಾಕು. ಹೂವು, ನಿಂಬೆಹಣ್ಣು, ಮಂಗಳಾರತಿ ಅಂತೆಲ್ಲ ವರ್ಷದ ಕಾರ್ಯ ಆದ ಮೇಲೆ" ಅಂದ. ನನಗೂ ಹಾಗೇ ಇರಲಿ ಅನ್ನಿಸಿತು. ಆರತಿ ತಟ್ಟೆ ಹಿಡಿದು ಆ ಗಾಜಿನ ಬಾಗಿಲಿನವರೆಗೆ ಹೋಗುವುದು ನನ್ನಿಂದಾಗುತ್ತಿರಲಿಲ್ಲ. ಶುಕ್ರವಾರಗಳು ಬೇರೆ ದಿನಗಳ ಹಾಗಾದವು. ಮೆಷಿನ್‌ಗಳು ಕೊನೆಯವರೆಗೂ ಓಡಿದವು. ಹಿರಿಯ ಆಪರೇಟರ್ ಮೊದಲ ವಾರ ಅಭ್ಯಾಸದಂತೆ ಪೊರಕೆ ಹಿಡಿದು, ಅರ್ಧ ಗುಡಿಸಿ, ನನ್ನ ಮುಖ ನೋಡಿ ಇಟ್ಟುಬಿಟ್ಟ.

ಪೂಜೆಯ ಜೊತೆ ಡಿಸ್ಕಿನ ಕೆಲಸವೂ ನಿಂತುಹೋಯಿತು ಅನ್ನುವುದು ಒಬ್ಬರಿಗೂ ಹೊಳೆಯಲಿಲ್ಲ. ನಮ್ಮ ಮಟ್ಟಿಗೆ ಅದು ಪೂಜೆಯದೇ ಒಂದು ಭಾಗವಾಗಿತ್ತು. ಮರೆಯಬಾರದು ಅಂತ ಅವಳು ಅದನ್ನು ಶುಕ್ರವಾರಕ್ಕೆ ಕಟ್ಟಿದ್ದಳು. ಶುಕ್ರವಾರವೇ ನಿಲ್ಲಬಹುದು ಅಂತ ಅವಳೂ ಎಣಿಸಿರಲಿಲ್ಲ.

ಆಫೀಸಿಗೆ ಒಬ್ಬ ಹುಡುಗಿಯನ್ನು ಇಟ್ಟುಕೊಂಡೆ. ಬಿಕಾಂ ಮುಗಿಸಿದವಳು, ಚುರುಕು, ಬೆಳಿಗ್ಗೆ ಬಂದ ಕೂಡಲೇ ಮೇಲ್‌ಗಳನ್ನೆಲ್ಲ ತೆರೆದು ಪ್ರಿಂಟ್ ತೆಗೆದು ನನ್ನ ಮೇಜಿನ ಮೇಲೆ ಇಡುತ್ತಿದ್ದಳು. ಫೋನ್ ಮಾಡುವ ಪದ್ಧತಿ ಅವಳಿಗೆ ಗೊತ್ತಿರಲಿಲ್ಲ. ಆ ಮಾತನ್ನು ಬೇರೆ ದನಿಯಲ್ಲಿ ಕೇಳುವ ಮನಸ್ಸು ನನಗೂ ಇರಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ, ಒಂದು ಬೆಳಿಗ್ಗೆ ಗಾಜಿನ ಬಾಗಿಲು ತಟ್ಟಿದ ಸದ್ದಾಯಿತು. ಹುಡುಗಿ ಕೈಯಾಡಿಸಿ ಕರೆಯುತ್ತಿದ್ದಳು.

"ಸಾರ್, ಪಂಪು ಕಂಪನಿಯಿಂದ ಬದಲಾದ ಡ್ರಾಯಿಂಗ್ ಅಂತ ಮೇಲ್ ಬಂತು. ತೆಗೆದೆ. ಏನೂ ಬರಲಿಲ್ಲ. ಈಗ ಹಿಂಗಾಗಿದೆ ನೋಡಿ."

ಪರದೆ ತುಂಬ ಕೆಂಪು. ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ಬಿಚ್ಚಬೇಕಾದರೆ ಹಣ ಕೊಡಿ, ಅದೂ ನಾವು ಕೇಳಿಯೇ ಇರದ ಒಂದು ನಾಣ್ಯದಲ್ಲಿ. ಕೆಳಗೆ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಅವಳ ಫೋಲ್ಡರುಗಳನ್ನು ತೆರೆದು ನೋಡಿದೆ. ಗಿಡ್ಡ ಬುಷ್ಷು ಇತ್ತು, ಒಳಗಿನ ಪುಟ ತೆರೆಯಲಿಲ್ಲ. ಅಳುಬುರುಕ ತೆರೆಯಲಿಲ್ಲ. ಒಂದೂ ತೆರೆಯಲಿಲ್ಲ. ಪ್ರತಿ ಹೆಸರಿನ ಬಾಲಕ್ಕೂ ಗೊತ್ತಿಲ್ಲದ ಅಕ್ಷರಗಳು ಅಂಟಿಕೊಂಡಿದ್ದವು.

ನನಗೆ ಆಗ ಗೊತ್ತಾಯಿತು. ಡ್ರಾಯಿಂಗ್ ಕೇಳಿದರೆ ಕಂಪನಿಯವರು ಮತ್ತೆ ಕಳಿಸುತ್ತಾರೆ. ಬಿಲ್ಲು ಆಡಿಟರ್ ಹತ್ತಿರ ಇರುತ್ತದೆ. ಅವಳು ಬರೆದ ಪುಟಗಳನ್ನು ಯಾರು ಕಳಿಸುತ್ತಾರೆ? ಅವಳು ಮಾತಾಡುವ ಹಾಗೇ ಬರೆದದ್ದು ಪ್ರಪಂಚದಲ್ಲಿ ಅಲ್ಲಿ ಮಾತ್ರ ಇತ್ತು.

ಹುಡುಗಿ ಅಳಲು ಶುರು ಮಾಡಿದಳು. ಹಿರಿಯ ಆಪರೇಟರ್ ಅವಳಿಗೆ ನೀರು ತಂದು ಕೊಟ್ಟು, "ಅಳಬ್ಯಾಡ ತಂಗಿ. ನಮ್ಮ ಸರ ಲಂಡನ್ನಿಗೇ ಹೋಗಿ ಬಂದಾರ. ಇದೇನ್ ಮಹಾ" ಅಂದ. ಅವಳಿಗೆ ಏನೂ ಅರ್ಥವಾಗಲಿಲ್ಲ, ಆದರೂ ಅಳು ನಿಂತಿತು.

ಕಂಪ್ಯೂಟರ್ ರಿಪೇರಿಯವರು ಜಾಲಹಳ್ಳಿಯಿಂದ ಬಂದರು. ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಪರದೆ ನೋಡಿ, ಮೊದಲು ಇಂಟರ್ನೆಟ್ ತಂತಿ ಕಿತ್ತರು.

"ಇದೇ ಸಾಲಿನಲ್ಲಿ ಇನ್ನೊಬ್ಬರಿಗೂ ಬಂದಿದೆ ಸಾರ್. ದುಡ್ಡು ಕೊಡಬೇಡಿ. ಕೊಟ್ಟರೂ ಬಿಚ್ಚುತ್ತಾರೆ ಅಂತ ಏನೂ ಇಲ್ಲ. ಬ್ಯಾಕಪ್ ಇದೆಯಾ?"

"ಇತ್ತು" ಅಂದೆ.

"ಇತ್ತು ಅಂದ್ರೆ?"

"ಮನೆಯಲ್ಲಿ ಇರಬೇಕು. ಅವಳ ಡಿಸ್ಕು."

"ಈ ಕಂಪ್ಯೂಟರಿಗೆ ಸಿಕ್ಕಿಸಿಲ್ಲ ತಾನೇ? ಸಿಕ್ಕಿಸಿದ್ರೆ ಅದೂ ಹೋಗಿರುತ್ತೆ."

"ಇಲ್ಲ. ಯಾವತ್ತೂ ಇಲ್ಲಿ ಬಿಡುತ್ತಿರಲಿಲ್ಲ."

ಅವರು ಮೊದಲ ಬಾರಿ ಹೆಲ್ಮೆಟ್ ಕೆಳಗಿಟ್ಟರು. "ಹಾಗಾದ್ರೆ ಹೋಗಿ ಹುಡುಕಿ ಸಾರ್. ಸಿಕ್ಕಿದ್ರೆ ಇಲ್ಲಿಗೆ ತಂದು ಅವಸರದಲ್ಲಿ ಹಾಕಿಬಿಡಬೇಡಿ. ನನ್ನ ಕೈಗೆ ಕೊಡಿ."

ಮನೆಗೆ ಹೋದೆ. ಅವಳ ಬೀರುವಿನ ಬಾಗಿಲನ್ನು ನಾನು ಆವರೆಗೆ ತೆಗೆದಿರಲಿಲ್ಲ. ಕೀಲಿಕೈ ಅಲ್ಲೇ ಇತ್ತು. ತೆಗೆದರೆ ಸೀರೆಯ ಅರೆಗಳು ಖಾಲಿ. ಕೆಳಗೆ ಹಾಸಿದ ಹಳೆಯ ಪೇಪರು, ಮೂಲೆಯಲ್ಲಿ ನುಸಿಗುಳಿಗೆ. ಆಮೇಲೆ ನೆನಪಾಯಿತು. ಹದಿಮೂರನೆಯ ದಿನ ಕಳೆದ ಮೇಲೆ ಹೆಣ್ಣುಮಕ್ಕಳು ಸೇರಿ ಸೀರೆಗಳನ್ನು ತೆಗೆದಿದ್ದರು. ತೀರಿಕೊಂಡವರ ಸೀರೆ ಬೀರುವಿನಲ್ಲಿ ಹಾಗೇ ಇರಬಾರದು, ಒಡಹುಟ್ಟಿದವರು ಉಡಬೇಕು ಅಂತ. ನನ್ನನ್ನು ಕೇಳಿದ್ದರು. ನಾನು ತೆಗೆದುಕೊಂಡು ಹೋಗಿ ಅಂತ ಹೇಳಿ ಹೊರಗೆ ಜಗಲಿಯಲ್ಲಿ ಕೂತಿದ್ದೆ. ಎಲ್ಲವನ್ನೂ ಒಂದು ದೊಡ್ಡ ಹಾಸುಬಟ್ಟೆಯಲ್ಲಿ ಗಂಟು ಕಟ್ಟಿ ಅವಳ ತಂಗಿ ಚಿಕ್ಕಬಾಣಾವರಕ್ಕೆ ಒಯ್ದಿದ್ದಳು.

ಚಿಕ್ಕಬಾಣಾವರಕ್ಕೆ ಸ್ಕೂಟರಿನಲ್ಲಿ ಹೋಗುವಾಗ ನನಗೆ ಒಂದೇ ಯೋಚನೆ. ಸೀರೆಗಳ ಜೊತೆ ರವಿಕೆ ಕಣಗಳೂ ಹೋಗಿರುತ್ತವೆ. ನಮ್ಮಲ್ಲಿ ರವಿಕೆ ಕಣ ಒಂದು ಮನೆಯಲ್ಲಿ ನಿಲ್ಲುವ ವಸ್ತುವಲ್ಲ. ಒಬ್ಬರು ತಾಂಬೂಲದ ಜೊತೆ ಕೊಟ್ಟದ್ದನ್ನು ಇನ್ನೊಬ್ಬರು ಹೊಲಿಸದೆ ಮತ್ತೊಬ್ಬರಿಗೆ ಕೊಡುತ್ತಾರೆ. ಹಸಿರು ಕಣ ಬಿಚ್ಚಿ, ಒಳಗಿನ ಕಪ್ಪು ಡಬ್ಬಿ ಏನೋ ಹಳೆಯ ಚಾರ್ಜರು ಅಂತ ಯಾರಾದರೂ ಎಲ್ಲೋ ಎಸೆದಿದ್ದರೆ? ರೈಲು ಗೇಟು ಹಾಕಿತ್ತು. ಗೂಡ್ಸು ಗಾಡಿ ಹೋಗುವವರೆಗೆ ನಿಂತೆ. ಅಷ್ಟು ಉದ್ದದ ಗಾಡಿಯನ್ನು ನಾನು ಕಂಡಿರಲಿಲ್ಲ.

ಅವಳ ತಂಗಿ ಬಾಗಿಲು ತೆಗೆದು ನನ್ನ ಮುಖ ನೋಡಿ ಹೆದರಿದಳು. "ಏನಾಯ್ತು ಭಾವ? ಮಗಳು ಚೆನ್ನಾಗಿದಾಳಾ?"

"ಚೆನ್ನಾಗಿದಾಳೆ. ಅಕ್ಕನ ಸೀರೆ ಗಂಟು..."

ಕೊಟ್ಟದ್ದನ್ನು ವಾಪಸು ಕೇಳಲು ಬಂದಿದ್ದೇನೆ ಅಂದುಕೊಂಡಳೋ ಏನೋ, ಅವಳ ಮುಖ ಸಣ್ಣದಾಯಿತು.

"ಸೀರೆ ಬೇಡಮ್ಮ. ಅದರ ನಡುವೆ ಒಂದು ಹಸಿರು ಕಣದ ಗಂಟು ಇತ್ತಾ? ಒಳಗೆ ಗಟ್ಟಿ ಸಾಮಾನು?"

"ಗೊತ್ತಿಲ್ಲ ಭಾವ."

"ಗೊತ್ತಿಲ್ಲ ಅಂದ್ರೆ?"

"ನಾನು ಬಿಚ್ಚೇ ಇಲ್ಲ" ಅಂದಳು. "ನೀವೆಲ್ಲ ತಗೊಂಡು ಹೋಗು ಅಂದ್ರಿ, ತಗೊಂಡು ಬಂದೆ. ಉಡು ಅಂದ್ರು. ಗಂಟು ಬಿಚ್ಚಿದ್ರೆ ಅವಳ ವಾಸನೆ ಹೋಗ್ಬಿಡುತ್ತೆ ಅಂತ ಹಾಗೇ ಇಟ್ಟೆ."

ಅಟ್ಟದ ಮೇಲಿಂದ ಇಬ್ಬರೂ ಸೇರಿ ಇಳಿಸಿದೆವು. ಕೋಣೆಯ ಮಧ್ಯದಲ್ಲಿ ಚಾಪೆ ಹಾಸಿದಳು. ಗಂಟು ಬಿಗಿಯಾಗಿತ್ತು. ಕತ್ತರಿ ತರಲೇ ಅಂದೆ. ಬೇಡ ಅಂತ ತಲೆಯಾಡಿಸಿ ಉಗುರಿನಿಂದ ನಿಧಾನವಾಗಿ ಬಿಡಿಸಿದಳು. ಬಟ್ಟೆ ತೆರೆದುಕೊಂಡ ಕೂಡಲೇ ವಾಸನೆ ಬಂತು. ನುಸಿಗುಳಿಗೆ, ಬಿಸಿಲಲ್ಲಿ ಒಣಗಿದ ಹತ್ತಿ, ಜೊತೆಗೆ ಅವಳದೇ ಆದದ್ದು. ತಂಗಿ ಸೆರಗು ಬಾಯಿಗಿಟ್ಟುಕೊಂಡಳು. ನಾನು ಕಿಟಕಿಯ ಕಡೆ ನೋಡಿದೆ.

ಒಂದೊಂದೇ ಸೀರೆ ತೆಗೆದು ಪಕ್ಕಕ್ಕಿಟ್ಟಳು. "ಇದು ನಮ್ಮಮ್ಮ ಕೊಡಿಸಿದ್ದು. ಇದು ನಾನು ಉಡ್ತೀನಿ ಕೊಡೇ ಅಂದ್ರೆ ಕೊಟ್ಟಿರಲಿಲ್ಲ, ಕಂಜೂಸಿ." ಅಳುತ್ತಲೇ ನಕ್ಕಳು. ಅರಿಶಿನ ಬಣ್ಣದ ಒಂದು ನೂಲಿನ ಸೀರೆಯ ಮಡಿಕೆಯೊಳಗೆ ಹಸಿರು ಗಂಟು ಇತ್ತು. ಮುಟ್ಟಿ ನೋಡಿದೆ. ಗಟ್ಟಿಯಾಗಿತ್ತು.

"ಇಷ್ಟೇನಾ ಭಾವ? ಇದರಲ್ಲಿ ಏನಿದೆ?"

"ಅವಳು ಬರೆದಿದ್ದು" ಅಂದೆ.

ರಿಪೇರಿಯವರು ಡಿಸ್ಕನ್ನು ನಮ್ಮ ಕಂಪ್ಯೂಟರಿನ ಹತ್ತಿರಕ್ಕೂ ತರಲಿಲ್ಲ. ತಮ್ಮ ಅಂಗಡಿಯಲ್ಲಿ ಬೇರೆ ಕಂಪ್ಯೂಟರಿಗೆ ಹಾಕಿ, ಮೊದಲು ಅದರದ್ದೊಂದು ನಕಲು ಇನ್ನೊಂದು ಡಿಸ್ಕಿಗೆ ಮಾಡಿದರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. "ನೋಡಿ ಸಾರ್" ಅಂತ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಸಾಲಾಗಿ ಬಂದವು. ಗಿಡ್ಡ ಬುಷ್ಷು. ಉದ್ದ ಮೂಗಿನ ಪಿನ್ನು. ಅಳುಬುರುಕ. ಒಂದನ್ನು ತೆರೆಯಿರಿ ಅಂದೆ. ತೆರೆಯಿತು. "ಇದನ್ನು ಗಟ್ಟಿ ಹಿಡೀಬ್ಯಾಡ್ರಿ, ಮುನಿಸ್ಕೋತೈತಿ." ಕೆಳಗೆ ಅವಳ ಸಾಲು. "ನಿಜ. ನಾನೂ ನೋಡಿದೆ."

ಎಲ್ಲವೂ ಅವಳ ಕೊನೆಯ ಶುಕ್ರವಾರದವರೆಗೆ ಇತ್ತು. ಅಲ್ಲಿಂದ ಈಚೆಗೆ ಏನೂ ಇರಲಿಲ್ಲ. ಆ ಮಳೆಗಾಲದಿಂದ ಈ ಬೇಸಿಗೆಯವರೆಗೆ ನಾವು ಮಾಡಿದ ಕೆಲಸ, ಬಂದ ಡ್ರಾಯಿಂಗು, ಹುಡುಗಿ ಟೈಪ್ ಮಾಡಿದ್ದು ಎಲ್ಲ ಹೋಯಿತು. ಆ ತಿಂಗಳುಗಳು ನನಗೂ ಸರಿಯಾಗಿ ನೆನಪಿಲ್ಲ. ಡ್ರಾಯಿಂಗ್‌ಗಳನ್ನು ಕಂಪನಿಯವರಿಂದ ಕೇಳಿ ಮತ್ತೆ ತರಿಸಿದೆವು. ತಮ್ಮ ಹೆಸರಿನಲ್ಲಿ ಸುಳ್ಳು ಮೇಲ್ ಬಂದಿತ್ತು ಅಂತ ತಿಳಿದಾಗ ಪಂಪು ಕಂಪನಿಯ ಅಧಿಕಾರಿ, "ಮೇಡಂ ಇದ್ದಿದ್ರೆ ನಂಗೆ ಫೋನ್ ಬಂದಿರೋದು" ಅಂದರು.

ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಮಾಡಿ ತಂದಿಟ್ಟದ್ದು ಗುರುವಾರ. ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದೆವು. ಹೊಸ ನಾಲ್ಕು ಮಾತುಗಳನ್ನು ನಾನೇ ಆರಿಸಿದೆ. ಹುಡುಗಿಗೆ ಬೇರೆ ಲಾಗಿನ್ ಮಾಡಿಸಿದೆ. ಮಾರನೆಯ ದಿನ ಶುಕ್ರವಾರ. ವರ್ಷದ ಕಾರ್ಯಕ್ಕೆ ಇನ್ನೂ ಸಮಯವಿತ್ತು. ಸಂಜೆ ಮೆಷಿನ್ ನಿಲ್ಲಿಸಿ ಅಂತ ಹೇಳಿದೆ. ಹಿರಿಯ ಆಪರೇಟರ್ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಸರ, ವರ್ಷ ಆಗಿಲ್ಲಲ್ರಿ? ಅಣ್ಣಾರು ಏನರ ಅಂದಾರು."

"ಹೂವು ಬೇಡ, ಆರತಿ ಬೇಡ. ಒಂದು ಊದುಬತ್ತಿ ಹಚ್ಚು. ಗುಡಿಸು. ಡಿಸ್ಕಿನ ಕೆಲಸ ಮಾತ್ರ ಮಾಡೋಣ."

"ಪುರಿ-ಕಡಲಿ?"

"ತಾ" ಅಂದೆ.

ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಿಸ್ಕು ಸಿಕ್ಕಿಸಿದೆ. ಈಗ ಎರಡು ಡಿಸ್ಕು. ಒಂದು ನಮ್ಮ ಮನೆಗೆ, ಇನ್ನೊಂದು ಚಿಕ್ಕಬಾಣಾವರಕ್ಕೆ. ಆ ಹಸಿರು ಕಣವನ್ನು ತಂಗಿಯ ಡಿಸ್ಕಿಗೆ ಬಿಟ್ಟುಕೊಟ್ಟೆ. ತಿಂಗಳಿಗೊಮ್ಮೆ ಬದಲಿಸಲು ಅವಳ ಮನೆಗೆ ಹೋಗುತ್ತೇನೆ. ಅವಳು ಅಕ್ಕನ ಸೀರೆಗಳಲ್ಲಿ ಒಂದೆರಡನ್ನು ಉಡಲು ಶುರು ಮಾಡಿದ್ದಾಳೆ. ಅರಿಶಿನ ಬಣ್ಣದ್ದನ್ನು ಮಾತ್ರ ಉಡುವುದಿಲ್ಲ. ಡಿಸ್ಕು ಅದರ ಮಡಿಕೆಯಲ್ಲೇ ಇರುತ್ತದೆ.

ನಕಲಾಗುತ್ತಿರುವಾಗ ಒಂದು ಮೇಲ್ ಬಂತು. ಪಂಪು ಕಂಪನಿಯ ಹೆಸರು, ಜೊತೆಗೆ ಲಗತ್ತು. ಹುಡುಗಿಯ ಕೈ ಮೌಸಿನ ಮೇಲೆ ಹೋಗಿ ನಿಂತಿತು. ನನ್ನ ಮುಖ ನೋಡಿದಳು. ನಾನು ಫೋನನ್ನು ಅವಳ ಕಡೆ ಸರಿಸಿ, ಅಧಿಕಾರಿಯ ಹಳೆಯ ನಂಬರ್ ಹೇಳಿದೆ.

"ಸಾರ್, ಈಗ ಬಂದ ಮೇಲ್ ನೀವೇ ಕಳಿಸಿದ್ದಾ?"

ಹುಡುಗಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಅವರ ದನಿ ನನಗೂ ಕೇಳಿಸಿತು.

"ಹೂಂ ಕಣಮ್ಮ. ನಾನೇ. ಎರಡು ಡ್ರಾಯಿಂಗ್ ಇದೆ ನೋಡು."

ಹುಡುಗಿ ಎಣಿಸಿ, ಎರಡಿದೆ ಸಾರ್ ಅಂದಳು. ಹೊರಗೆ ಹುಡುಗರು ಬಾಗಿಲಲ್ಲಿ ಇಣುಕುತ್ತಿದ್ದರು.